ಹೂ ಬಿಡುವ ಲೆಕ್ಕ: ಕಾಲ ನೋಡುವ ತಳಿ, ವಯಸ್ಸು ನೋಡುವ ತಳಿ



ಎಳೆಯ ಅಡಿಕೆ ತೋಟದಲ್ಲಿ ಸಸಿಗಳು ನೆಲ ಮುಚ್ಚುವವರೆಗೆ ನಾಲ್ಕೈದು ವರ್ಷ ಸಾಲುಗಳ ನಡುವೆ ಜಾಗ ಖಾಲಿ ಇರುತ್ತದೆ. ಆ ಜಾಗದಲ್ಲಿ ಏನಾದರೂ ಬೆಳೆದು ಕೂಲಿಯ ಖರ್ಚನ್ನಾದರೂ ಹುಟ್ಟಿಸೋಣ ಎಂಬ ಆಸೆ ನಮ್ಮಲ್ಲಿ ಯಾರಿಗೆ ಇಲ್ಲ? ನಾನೂ ಆ ಆಸೆಗೆ ಬಿದ್ದವನೇ. ಒಂದು ವರ್ಷ ಯುಗಾದಿ ಕಳೆದ ಮೇಲೆ ಸಂತೆಯಿಂದ ಅವರೆ ಬೀಜ ತಂದು ಬಿತ್ತಿದೆ. ಕಾಫಿಯ ಹೂವಿಗೆಂದು ಹಾಕಿದ್ದ ಸ್ಪ್ರಿಂಕ್ಲರಿನ ನೀರು ಇತ್ತು, ಕೊಟ್ಟಿಗೆ ಗೊಬ್ಬರವೂ ಇತ್ತು. ಬಳ್ಳಿ ಸೊಂಪಾಗಿ ಹಬ್ಬಿತು. ಜೂನ್ ಬಂತು, ಜುಲೈ ಹೋಯಿತು, ಎಲೆಯ ಮೇಲೆ ಎಲೆ, ಆದರೆ ಒಂದು ಹೂವೂ ಇಲ್ಲ. ಗೊಬ್ಬರ ಹೆಚ್ಚಾಯಿತೆಂದು ಒಬ್ಬರು, ಬೀಜ ಕಲಬೆರಕೆಯೆಂದು ಇನ್ನೊಬ್ಬರು, ದೃಷ್ಟಿ ತಗುಲಿತೆಂದು ಮತ್ತೊಬ್ಬರು ಹೇಳಿದರು. ಆಗಸ್ಟಿನಲ್ಲಿ ಬೇಸತ್ತು ಎಲ್ಲವನ್ನೂ ಕೀಳಿಸಿ ಅಡಿಕೆಯ ಬುಡಕ್ಕೆ ಮುಚ್ಚಿಸಿದೆ.

ಬೇಲಿಯ ಮೇಲೆ ಹಬ್ಬಿದ್ದ ಎರಡು ಬಳ್ಳಿ ಮಾತ್ರ ಕೂಲಿಯವರ ಕಣ್ಣು ತಪ್ಪಿಸಿ ಉಳಿದುಕೊಂಡವು. ದೀಪಾವಳಿಯ ಹೊತ್ತಿಗೆ ಆ ಎರಡೂ ಬಳ್ಳಿಗಳಲ್ಲಿ ಮೈತುಂಬ ಹೂವು. ಬೀಜದಲ್ಲಿ ದೋಷವಿರಲಿಲ್ಲ, ಗೊಬ್ಬರದಲ್ಲೂ ಇರಲಿಲ್ಲ. ದೋಷವಿದ್ದದ್ದು ನನ್ನ ತಿಳಿವಳಿಕೆಯಲ್ಲಿ. ನಾನು ಬಿತ್ತಿದ್ದು ಕಾಲ ನೋಡಿ ಹೂ ಬಿಡುವ ತಳಿ. ನಾನು ಕಾಯುತ್ತಿದ್ದದ್ದು ವಯಸ್ಸು ನೋಡಿ ಹೂ ಬಿಡುವ ತಳಿಯಂತೆ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಬೀಜ, ನೀರು, ಕೂಲಿ ಮೂರನ್ನೂ ಕಳೆದುಕೊಂಡ ಸದಸ್ಯರು ನಾನೊಬ್ಬನೇ ಅಲ್ಲ. ಆದ್ದರಿಂದ ಈ ವಿಷಯವನ್ನು ಕೊಂಚ ವಿವರವಾಗಿ ಬರೆಯುತ್ತಿದ್ದೇನೆ.

ಎರಡು ಬಗೆಯ ಲೆಕ್ಕ

ಗಿಡಕ್ಕೆ ಹೂ ಬಿಡುವುದು ಬಹು ದೊಡ್ಡ ಕೆಲಸ. ಬೇಗ ಹೂ ಬಿಟ್ಟರೆ ಕಾಯಿ ತುಂಬಲು ಎಲೆಯ ಬಲ ಸಾಲದು. ತಡವಾದರೆ ನೆಲದ ತೇವ ಆರಿಹೋಗುತ್ತದೆ, ಇಲ್ಲವೆ ಚಳಿ ಬಂದು ಬೀಳುತ್ತದೆ. ಆದುದರಿಂದ ಸರಿಯಾದ ಸಮಯವನ್ನು ಗೊತ್ತುಮಾಡಿಕೊಳ್ಳಲು ಗಿಡಗಳು ಎರಡು ದಾರಿ ಹಿಡಿದಿವೆ.

ಮೊದಲನೆಯದು, ರಾತ್ರಿಯ ಉದ್ದವನ್ನು ಅಳೆಯುವುದು. ಮಳೆ ಒಂದು ವರ್ಷ ಬೇಗ ಬರಬಹುದು, ಇನ್ನೊಂದು ವರ್ಷ ತಡವಾಗಬಹುದು. ಆದರೆ ಹಗಲು ರಾತ್ರಿಗಳ ಏರಿಳಿತ ವರ್ಷದಿಂದ ವರ್ಷಕ್ಕೆ ಒಂದು ದಿನವೂ ತಪ್ಪುವುದಿಲ್ಲ. ಜೂನ್ ಮೂರನೆಯ ವಾರದ ನಂತರ ಹಗಲು ಕುಗ್ಗುತ್ತ, ರಾತ್ರಿ ಹಿಗ್ಗುತ್ತ ಹೋಗುತ್ತದೆ. ರಾತ್ರಿ ಒಂದು ಗೊತ್ತಾದ ಉದ್ದವನ್ನು ಮುಟ್ಟಿತೆಂದರೆ ಗಿಡ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ತಿರುಗುತ್ತದೆ. ನಾಟಿ ಅವರೆ, ತೊಗರಿ, ಹಿಂಗಾರಿ ಜೋಳ, ಹಳೆಯ ನಾಟಿ ಭತ್ತ, ಸೇವಂತಿಗೆ ಇವೆಲ್ಲ ಹೆಚ್ಚು ಕಡಿಮೆ ಈ ಗುಂಪಿನವು. ಇವನ್ನು ನಾವು ಕಾಲ ನೋಡುವ ತಳಿಗಳು ಎನ್ನೋಣ.

ಎರಡನೆಯದು, ತನ್ನ ವಯಸ್ಸನ್ನು ಎಣಿಸುವುದು. ಮೊಳಕೆ ಬಂದು ಇಷ್ಟು ವಾರವಾಯಿತು, ಇಷ್ಟು ಎಲೆ ಬಂದವು, ಇನ್ನು ಹೂ ಬಿಡೋಣ ಎಂಬುದು ಇವುಗಳ ಲೆಕ್ಕ. ಜನವರಿಯಲ್ಲಿ ಬಿತ್ತಿದರೂ ಜುಲೈಯಲ್ಲಿ ಬಿತ್ತಿದರೂ ಸುಮಾರಾಗಿ ಅಷ್ಟೇ ದಿನಕ್ಕೆ ಹೂವು. ಇವು ವಯಸ್ಸು ನೋಡುವ ತಳಿಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ಬೆಳೆಸಿ ಕೊಟ್ಟ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಈ ಬಗೆಯವು. ಬಳ್ಳಿಯಾಗಿ ಹಬ್ಬದೆ ಕುಳ್ಳಗೆ ಪೊದೆಯಂತೆ ನಿಂತು, ವರ್ಷದ ಯಾವ ಹಂಗಾಮಿನಲ್ಲಾದರೂ ಕಾಯಿ ಕೊಡುವ ಗುಣಕ್ಕಾಗಿಯೇ ಅವು ಹೆಸರು ಪಡೆದಿವೆ. ಯುಗಾದಿಯ ನಂತರ ನಾನು ಬಿತ್ತಬೇಕಾಗಿದ್ದದ್ದು ಅಂಥ ಬೀಜವನ್ನು.

ಈ ತಿಳಿವಳಿಕೆ ಬಂದ ಬಗೆ

ಗಿಡ ರಾತ್ರಿಯನ್ನು ಅಳೆಯುತ್ತದೆ ಎಂಬ ವಿಷಯ ಜಗತ್ತಿಗೆ ತಿಳಿದು ನೂರು ವರ್ಷದ ಮೇಲೆ ಸ್ವಲ್ಪವಾಗಿದೆ. 1912ರ ಸುಮಾರಿಗೆ ಫ್ರಾನ್ಸಿನಲ್ಲಿ ತೂರ್ನ್ವಾ ಎಂಬ ಸಂಶೋಧಕರು ಸೆಣಬಿನ ಬಗೆಯ ಗಾಂಜಾ ಗಿಡವನ್ನೂ ಹಾಪ್ ಬಳ್ಳಿಯನ್ನೂ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದಾಗ ಅವು ಎಳೆತನದಲ್ಲೇ ಹೂ ಬಿಟ್ಟುದನ್ನು ಕಂಡರು. ಹಗಲು ಗಿಡ್ಡವಾದುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಇದನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟರು. ಮೇರಿಲ್ಯಾಂಡ್ ಮ್ಯಾಮತ್ ಎಂಬ ಒಂದು ತಂಬಾಕು ತಳಿ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೊಲದಲ್ಲಿ ಹೂ ಬಿಡುತ್ತಿರಲಿಲ್ಲ. ಅದರ ಕುಂಡಗಳನ್ನು ಸಂಜೆಗೆ ಮುಂಚೆಯೇ ಕತ್ತಲ ಕೋಣೆಗೆ ಸಾಗಿಸಿ ಹಗಲನ್ನು ಗಿಡ್ಡಮಾಡಿದಾಗ ಬೇಸಿಗೆಯಲ್ಲೇ ಹೂ ಬಂತು.

ಗಿಡ ಎಣಿಸುವುದು ಹಗಲನ್ನಲ್ಲ, ರಾತ್ರಿಯನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ನಡೆಸಿದ ಪ್ರಯೋಗದಿಂದ ಸ್ಪಷ್ಟವಾಯಿತು. ಒಂದು ಮುಳ್ಳುಕಾಯಿಯ ಕಳೆ ಗಿಡಕ್ಕೆ ಉದ್ದವಾದ ರಾತ್ರಿಯ ನಡುವೆ ಕೆಲವು ನಿಮಿಷ ದೀಪ ತೋರಿಸಿದರೆ ಸಾಕು, ಅದು ಹೂ ಬಿಡುವುದಿಲ್ಲ. ಮಧ್ಯೆ ಬೆಳಕು ಬಿದ್ದುದರಿಂದ ಒಂದು ದೊಡ್ಡ ರಾತ್ರಿ ಅದರ ಪಾಲಿಗೆ ಎರಡು ಸಣ್ಣ ರಾತ್ರಿಗಳಾದವು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಈ ಬೆಳಕು ಕತ್ತಲೆಗಳನ್ನು ಗುರುತಿಸುತ್ತದೆಂದು 1959ರಲ್ಲಿ ಗೊತ್ತಾಯಿತು. ಅಳೆಯುವುದು ಎಲೆ, ಹೂ ಬಿಡುವುದು ಕುಡಿ. ಎಲೆಯಿಂದ ಕುಡಿಗೆ ಸುದ್ದಿ ಹೋಗುತ್ತದೆ.

ಇದನ್ನು ನೋಡಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಸಾಲಾಗಿ ಬಲ್ಬು ಉರಿಯುವುದನ್ನು ಕಂಡಿರಬಹುದು. ಅದು ಜಾತ್ರೆಯೂ ಅಲ್ಲ, ಮದುವೆಯೂ ಅಲ್ಲ. ಸೇವಂತಿಗೆ ಬೆಳೆದವರು ಗಿಡ ಸಾಕಷ್ಟು ಬೆಳೆಯುವವರೆಗೆ ಹೂ ಬಿಡದಿರಲೆಂದು ರಾತ್ರಿಯನ್ನು ಬೆಳಕಿನಿಂದ ಮುರಿಯುತ್ತಾರೆ. ಗಿಡ ಹದಕ್ಕೆ ಬಂದಾಗ ದೀಪ ಆರಿಸುತ್ತಾರೆ, ಹೂವು ಹಬ್ಬದ ಮಾರುಕಟ್ಟೆಗೆ ಸರಿಯಾಗಿ ಬರುತ್ತದೆ. ನಮ್ಮ ಮನೆಗಳ ಹಿತ್ತಲಿನಲ್ಲೂ ಕಣದ ದೀಪದ ಪಕ್ಕದ ಅವರೆ ಬಳ್ಳಿ ಉಳಿದ ಬಳ್ಳಿಗಳಿಗಿಂತ ತಡವಾಗಿ ಹೂ ಬಿಟ್ಟರೆ ಆಶ್ಚರ್ಯಪಡಬೇಕಾಗಿಲ್ಲ.

ಗಾಂಜಾ ಬೀಜದ ಬಗ್ಗೆ ಒಂದು ಎಚ್ಚರಿಕೆ

ಈ ವಿದ್ಯೆ ಮೊದಲು ಕಣ್ಣಿಗೆ ಬಿದ್ದದ್ದು ಗಾಂಜಾ ಜಾತಿಯ ಗಿಡದಲ್ಲಿ ಎಂದೆನಷ್ಟೆ. ಆ ಗಿಡದಲ್ಲೂ ಎರಡು ಬಗೆಗಳಿವೆ. ನಮ್ಮ ಸೀಮೆಯಂಥ ಬಿಸಿ ನಾಡುಗಳ ಬಗೆ ರಾತ್ರಿ ಉದ್ದವಾಗುವವರೆಗೆ ಕಾದು ಎತ್ತರಕ್ಕೆ ಬೆಳೆಯುತ್ತದೆ. ಉತ್ತರದ ಶೀತ ನಾಡಿನ ಬಗೆ ಹಾಗಲ್ಲ. ರಷ್ಯಾದಲ್ಲಿ ಯಾನಿಶೆವ್‌ಸ್ಕಿ ಎಂಬ ಸಸ್ಯಶಾಸ್ತ್ರಜ್ಞರು 1924ರಲ್ಲಿ ರುಡೆರಾಲಿಸ್ ಎಂದು ಹೆಸರಿಟ್ಟ ಕುಳ್ಳ ಕಾಡುಗಿಡ ವಯಸ್ಸು ನೋಡಿ ಹೂ ಬಿಡುತ್ತದೆ. ಅದಕ್ಕೆ ಕಾರಣವೂ ಇದೆ. ಮಾಸ್ಕೋದ ಕಡೆ ಜೂನಿನಲ್ಲಿ ಹಗಲು 17 ಗಂಟೆ ಮೀರುತ್ತದೆ. ರಾತ್ರಿ ಉದ್ದವಾಗಲೆಂದು ಕಾದರೆ ಬೀಜ ಬಲಿಯುವ ಮೊದಲೇ ಹಿಮ ಬೀಳುತ್ತದೆ. ಆ ಗುಣವನ್ನು ಇತರ ತಳಿಗಳಿಗೆ ಸಂಕರದಿಂದ ತಂದು, 'ಆಟೋಫ್ಲವರಿಂಗ್' ಎಂಬ ಹೆಸರಿನಲ್ಲಿ ಹೊರದೇಶಗಳಲ್ಲಿ ಬೀಜ ಮಾರುತ್ತಾರೆ. ಕೆನಡಾದಲ್ಲಿ 2018ರಿಂದ, ಜರ್ಮನಿಯಲ್ಲಿ 2024ರಿಂದ ಮನೆಯಲ್ಲಿ ಕೆಲವೇ ಗಿಡ ಬೆಳೆಸಲು ಅಲ್ಲಿಯ ಕಾನೂನು ಒಪ್ಪಿದೆ.

ನಮ್ಮ ದೇಶದಲ್ಲಿ ಸ್ಥಿತಿ ಬೇರೆ. ಮೊಬೈಲಿನಲ್ಲಿ ಬರುವ ಜಾಹೀರಾತು ನೋಡಿ, ಬೇಗ ಮುಗಿಯುತ್ತದೆ, ಕುಳ್ಳಗಿರುತ್ತದೆ, ಯಾರಿಗೂ ಕಾಣಿಸದು ಎಂಬ ಮಾತು ಯುವಕರ ಬಾಯಲ್ಲಿ ಕೇಳಿಬರುತ್ತಿದೆ. 1985ರ ಮಾದಕ ದ್ರವ್ಯಗಳ ಕಾಯಿದೆಯು ಗಾಂಜಾ ಗಿಡ ಬೆಳೆಸುವುದನ್ನು ನಿಷೇಧಿಸಿದೆ. ಅದರ 20ನೆಯ ಕಲಮಿನಂತೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಕಾಲ ನೋಡುವ ಗಿಡ, ವಯಸ್ಸು ನೋಡುವ ಗಿಡ ಎಂಬ ಭೇದ ಕಾಯಿದೆಗೆ ಇಲ್ಲ. ನಾರು, ಬೀಜಗಳಿಗಾಗಿ ಬೆಳೆಸುವುದಾದರೂ ಸರ್ಕಾರದ ಆದೇಶ, ಷರತ್ತುಗಳ ಮೇಲೆಯೇ ಆಗಬೇಕು.

ತೋಟದ ಮಾಲೀಕರು ಇನ್ನೊಂದು ಕಲಮನ್ನು ಅಗತ್ಯವಾಗಿ ತಿಳಿದಿರತಕ್ಕದ್ದು. 46ನೆಯ ಕಲಮಿನ ಪ್ರಕಾರ ತನ್ನ ಜಮೀನಿನಲ್ಲಿ ಗಾಂಜಾ ಗಿಡ ಅಕ್ರಮವಾಗಿ ಬೆಳೆದಿದ್ದರೆ ಜಮೀನಿನವನು ಕೂಡಲೇ ಪೊಲೀಸರಿಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ತೋಟದ ಮೂಲೆಯಲ್ಲೋ ಲೈನು ಮನೆಗಳ ಹಿಂದೆಯೋ ಯಾರೋ ನೆಟ್ಟದ್ದು ಕಂಡರೆ, ನಮಗೇಕೆ ಈ ಉಸಾಬರಿ ಎಂದು ಬಿಡಬಾರದು. ತಾವೇ ಕಿತ್ತು ಎಲ್ಲಿಗೋ ಸಾಗಿಸಲೂಬಾರದು. ಬರಹದಲ್ಲಿ ಠಾಣೆಗೆ ತಿಳಿಸಿ, ಕೊಟ್ಟುದಕ್ಕೆ ಸಹಿ ಪಡೆದ ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಕ್ಷೇಮ. ಆ ಗಿಡದ ವಿಷಯ ನಮಗೆ ಇಲ್ಲಿಗೆ ಮುಗಿಯಿತು. ಆದರೆ ಅದು ಕಲಿಸಿದ ಪಾಠ ನಮ್ಮ ಹೊಲದ ಬೆಳೆಗಳಿಗೆ ಬೇಕು.

ರಾಮಥಾಳದ ಹೊಲಗಳಲ್ಲಿ

ಮಲೆನಾಡಿನ ತೋಟಗಾರರಿಗೆ ಬಾಗಲಕೋಟೆ ಜಿಲ್ಲೆಯ ಎರೆಭೂಮಿಯ ಮಾತೇಕೆ ಎಂದು ಕೆಲವರು ಕೇಳಬಹುದು. ನೀರು ಬಂದಾಗ ಈ ಪ್ರಶ್ನೆ ಹೇಗೆ ಏಳುತ್ತದೆ ಎಂಬುದಕ್ಕೆ ಹುನಗುಂದದ ಸೀಮೆಯಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಆ ಭಾಗದಲ್ಲಿ ರಾಮಥಾಳ (ಮರೋಳ) ಹನಿ ನೀರಾವರಿ ಯೋಜನೆಯನ್ನು ಕೃಷ್ಣಾ ಭಾಗ್ಯ ಜಲ ನಿಗಮ ಕೈಗೊಂಡಿತು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಕೊಳವೆಗಳ ಮೂಲಕ ಸುಮಾರು 24 ಸಾವಿರ ಹೆಕ್ಟೇರಿಗೆ ಹನಿ ಹನಿಯಾಗಿ ಕೊಡುವ ಏರ್ಪಾಡು ಇದು. 2017ರಲ್ಲಿ ಇದರ ಉದ್ಘಾಟನೆಯಾಯಿತು. ನೀರು ಪ್ರತಿ ಹೊಲಕ್ಕೂ ಪ್ರತಿ ಹಂಗಾಮಿಗೂ ಸರಿಯಾಗಿ ಮುಟ್ಟಬೇಕಾದುದು ಬೇರೆಯೇ ಚರ್ಚೆಯ ವಿಷಯ. ನಮ್ಮ ಪ್ರಶ್ನೆ ಇಷ್ಟು: ನೀರು ಬಂದ ಮೇಲೆ ರೈತ ಯಾವಾಗ ಬೇಕಾದರೂ ಬಿತ್ತಬಹುದೇ?

ನೀರಿನ ದೃಷ್ಟಿಯಿಂದ ಬಿತ್ತಬಹುದು. ಬೀಜದ ದೃಷ್ಟಿಯಿಂದ ಎಲ್ಲವನ್ನೂ ಬಿತ್ತಲಾಗದು. ಮಳೆಯನ್ನೇ ನಂಬಿದ ಕಾಲದಲ್ಲಿ ಅಲ್ಲಿಯ ಬೀಜಗಳು ಮಳೆಯ ಲೆಕ್ಕಕ್ಕೆ ಹೊಂದಿಕೊಂಡು ಬಂದಂಥವು. ಬಿಳಿಜೋಳವನ್ನೇ ನೋಡಿ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ನಾಟಿ ಮಾಲದಂಡಿಯಿಂದ ಆರಿಸಿದ ಎಂ 35-1 ತಳಿ ಇಂದಿಗೂ ಆ ಸೀಮೆಯ ರೊಟ್ಟಿಯ ಜೋಳ. ಮಳೆಗಾಲದ ಕೊನೆಗೆ ಎರೆಯ ತೇವ ನೋಡಿ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದರೆ ಬೆಳೆಯುವ ರಾತ್ರಿಗಳ ಜೊತೆಯಲ್ಲೇ ಅದು ತೆನೆಗೆ ಬರುತ್ತದೆ. ಹನಿ ನೀರಿದೆಯೆಂದು ಅದನ್ನೇ ಜೂನಿನಲ್ಲಿ ಬಿತ್ತಿದರೆ ಗಿಡ ಎತ್ತರಕ್ಕೆ ಬೆಳೆದು, ತೆನೆ ತಡವಾಗಿ, ಗಾಳಿಗೆ ನೆಲಕ್ಕೊರಗುತ್ತದೆ. ಮೇವು ಹೆಚ್ಚು, ಕಾಳು ಕಡಿಮೆ.

ರಾಮಥಾಳದ ಕಡೆ ಜೂನಿನ ಕೊನೆಗೆ ಹಗಲು 13 ಗಂಟೆಗೆ ನಾಲ್ಕೈದು ನಿಮಿಷ ಹೆಚ್ಚು. ಡಿಸೆಂಬರಿನಲ್ಲಿ 11 ಗಂಟೆ 10 ನಿಮಿಷದಷ್ಟು. ಇಡೀ ವರ್ಷದಲ್ಲಿ ವ್ಯತ್ಯಾಸ ಎರಡು ಗಂಟೆಗೂ ಕಡಿಮೆ. ಇಷ್ಟು ಅಲ್ಪ ಬದಲಾವಣೆಯನ್ನು ಮನುಷ್ಯ ಗಮನಿಸುವುದೇ ಇಲ್ಲ. ಗಿಡ ಗಮನಿಸುತ್ತದೆ.

ಹಾಗಾದರೆ ವಯಸ್ಸು ನೋಡುವ ಜೋಳವೇ ಮೇಲಲ್ಲವೇ? ಈ ಪ್ರಶ್ನೆಗೂ ಉತ್ತರ ಕರ್ನಾಟಕದ ರೈತರು ಅನುಭವದಿಂದ ಉತ್ತರ ಕಂಡುಕೊಂಡಿದ್ದಾರೆ. 1964ರಲ್ಲಿ ಸಿಎಸ್‌ಎಚ್-1 ಎಂಬ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ ಬಂತು. ಕುಳ್ಳ, ಅಲ್ಪಾವಧಿ, ಕಾಲದ ಹಂಗು ಅಷ್ಟಾಗಿ ಇಲ್ಲ. ಮುಂಗಾರಿನಲ್ಲಿ ಬಿತ್ತಿದರೆ ನಾಟಿ ಜೋಳಕ್ಕಿಂತ ಬಹಳ ಮೊದಲೇ ತೆನೆ. ಇಳುವರಿ ಹೆಚ್ಚಿತು, ನಿಜ. ಆದರೆ ಕಾಳು ಹಾಲುದುಂಬಿ ಗಟ್ಟಿಯಾಗುವ ಹೊತ್ತಿಗೆ ಮಳೆ ಇನ್ನೂ ಸುರಿಯುತ್ತಲೇ ಇರುತ್ತಿತ್ತು. ತೇವಕ್ಕೆ ಸಿಕ್ಕ ತೆನೆಗೆ ಬೂಸ್ಟು ಹಿಡಿದು ಕಾಳು ಕಪ್ಪಾಗುವುದು ಮುಂಗಾರಿ ಹೈಬ್ರಿಡ್ ಜೋಳದ ದೊಡ್ಡ ತೊಂದರೆಯಾಯಿತು. ಅಂಥ ಕಾಳಿಗೆ ಪೇಟೆಯಲ್ಲಿ ದರವಿಲ್ಲ, ಮನೆಯಲ್ಲಿ ರೊಟ್ಟಿಗೂ ಒಲ್ಲರು. ನಾಟಿ ಜೋಳ ಮಳೆ ನಿಲ್ಲುವವರೆಗೆ ತೆನೆ ಹೊರಡಿಸದೆ ಕಾಯುತ್ತಿದ್ದುದು ಸೋಮಾರಿತನವಲ್ಲ, ಆ ನೆಲದ ಪಂಚಾಂಗವನ್ನು ಅದು ಮೈಯಲ್ಲಿ ಬರೆದುಕೊಂಡಿತ್ತು ಎಂಬುದು ಆಗ ಅರ್ಥವಾಯಿತು.

ತೊಗರಿಯಲ್ಲಿಯೂ ಇದೇ ಮಾತು. ದೀರ್ಘಾವಧಿಯ ತೊಗರಿಯನ್ನು ಜೂನಿನಲ್ಲಿ ಬಿತ್ತಿದರೆ ಎದೆಯೆತ್ತರ ಬೆಳೆದು ಅಕ್ಟೋಬರ್ ನವೆಂಬರಿನಲ್ಲಿ ಹೂ ಬಿಡುತ್ತದೆ. ಮಳೆ ತಡವಾಗಿ ಅದನ್ನೇ ಸೆಪ್ಟೆಂಬರಿನಲ್ಲಿ ಬಿತ್ತಿದರೂ ಹೂವು ಹೆಚ್ಚು ಹಿಂದೆ ಬೀಳುವುದಿಲ್ಲ, ಆದರೆ ಗಿಡ ಮೊಣಕಾಲೆತ್ತರದ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ತಡ ಬಿತ್ತನೆಯಲ್ಲಿ ಸಾಲುಗಳನ್ನು ಹತ್ತಿರಕ್ಕೆ ತಂದು ಬೀಜ ಹೆಚ್ಚು ಹಾಕಬೇಕಾಗುತ್ತದೆ. ಅದೇ ಅಂತರ ಇಟ್ಟರೆ ನೆಲ ಖಾಲಿ, ಇಳುವರಿಯೂ ಖಾಲಿ.

ಈರುಳ್ಳಿಗೆ ಹೆಸರಾದ ಜಿಲ್ಲೆ ಬಾಗಲಕೋಟೆ. ಗಡ್ಡೆ ಕಟ್ಟಲು ಈರುಳ್ಳಿಯೂ ಹಗಲಿನ ಉದ್ದವನ್ನೇ ನೋಡುತ್ತದೆ, ಆದರೆ ಅದರ ಲೆಕ್ಕ ತಿರುಗುಮುರುಗು: ಹಗಲು ಉದ್ದವಾಗಬೇಕು. ನಮ್ಮ ಬಯಲಿನ ತಳಿಗಳಿಗೆ ಇಲ್ಲಿಯ ಹಗಲೇ ಸಾಕು. ಯೂರೋಪಿನ ಉತ್ತರ ಭಾಗದ ತಳಿಗಳಿಗೆ 14 ಗಂಟೆಗೂ ಮಿಗಿಲಾದ ಹಗಲು ಬೇಕು. ಅಂಥ ಬೀಜವನ್ನು ಎಷ್ಟೇ ಬೆಲೆ ಕೊಟ್ಟು ತರಿಸಿ, ಎಷ್ಟೇ ಹನಿ ನೀರು ಕೊಟ್ಟರೂ ಇಲ್ಲಿ ಅದು ಸೊಪ್ಪಾಗಿಯೇ ಉಳಿಯುತ್ತದೆ. ಹೊರಗಿನ ಬೀಜದ ಚೀಟಿಯಲ್ಲಿ ಇಳುವರಿಯ ಅಂಕಿಗಿಂತ ಮೊದಲು ಈ ವಿಷಯವನ್ನು ನೋಡತಕ್ಕದ್ದು.

ನಮ್ಮ ತೋಟಗಳಲ್ಲಿ

ಈಗ ಮಲೆನಾಡಿಗೆ ಬರೋಣ. ನಮ್ಮ ಅರೇಬಿಕಾ ಕಾಫಿಯೂ ರಾತ್ರಿ ಅಳೆಯುವ ಗಿಡವೇ. ಹಗಲು 13-14 ಗಂಟೆ ಮೀರಿದರೆ ಅದು ಮೊಗ್ಗಿಗೆ ತಿರುಗುವುದಿಲ್ಲವೆಂದು ಬ್ರೆಜಿಲಿನಲ್ಲಿ ಫ್ರಾಂಕೊ ಎಂಬವರು 1940ರಲ್ಲಿ ತೋರಿಸಿದರು. ಚಿಕ್ಕಮಗಳೂರಿನ ಸುತ್ತ ಅತಿ ಉದ್ದದ ಹಗಲೂ 13 ಗಂಟೆಗೆ ಐದಾರು ನಿಮಿಷ ಕಡಿಮೆಯೇ. ಹಾಗಾಗಿ ಇಲ್ಲಿ ಹಗಲಿನ ಉದ್ದ ಕಾಫಿಗೆ ಅಡ್ಡಿಯಾಗದು. ಮಳೆಗಾಲ ಕಳೆದ ತಿಂಗಳುಗಳಲ್ಲಿ ಮೊಗ್ಗು ಮೊಳೆತು, ಒಣ ಹವೆಯಲ್ಲಿ ನಿದ್ರಿಸಿ, ಹೂಮಳೆ ಬಿದ್ದಾಗ ಅಥವಾ ಸ್ಪ್ರಿಂಕ್ಲರ್ ನೀರು ಕೊಟ್ಟಾಗ ಎಚ್ಚರಗೊಳ್ಳುತ್ತದೆ. ಇಲ್ಲಿ ಗಡಿಯಾರಕ್ಕಿಂತ ನೀರಿನ ಕೈ ಮೇಲು. ಅಡಿಕೆಯಂತೂ ಫಲಕ್ಕೆ ಬರುವ ವಯಸ್ಸಾದ ಮೇಲೆ ಸೋಗೆಯ ಬುಡದಲ್ಲೇ ಸಿಂಗಾರ ಹೊರಡಿಸುತ್ತ ಹೋಗುತ್ತದೆ. ಆದುದರಿಂದಲೇ ಮುಖ್ಯ ಬೆಳೆಗಳಲ್ಲಿ ಈ ವಿಷಯ ನಮ್ಮನ್ನು ಕಾಡಲಿಲ್ಲ, ನಾವು ಕಲಿಯಲೂ ಇಲ್ಲ. ನಡುಬೆಳೆ ಹಾಕಹೊರಟಾಗ ಎಡವುತ್ತೇವೆ.

ತೋಟದ ಕೆಳಗಿನ ಗದ್ದೆಯಿದ್ದ ಹಿರಿಯರಿಗೆ ಇದು ಹೊಸತಲ್ಲ. ಹಳೆಯ ನಾಟಿ ಭತ್ತಗಳಲ್ಲಿ ಹೆಚ್ಚಿನವನ್ನು ಒಂದು ವಾರ ಹಿಂದೆ ಮುಂದೆ ನೆಟ್ಟರೂ ತೆನೆ ಒಂದೇ ಕಾಲಕ್ಕೆ ಬರುತ್ತಿತ್ತು. 1966ರಲ್ಲಿ ಐಆರ್-8, 1968ರಲ್ಲಿ ಜಯ ಬಂದ ಮೇಲೆ ಲೆಕ್ಕ ಬದಲಾಯಿತು. ಅವು ದಿನ ಎಣಿಸುವ ತಳಿಗಳು. ಮೊದಲೇ ನೆಟ್ಟವರ ಭತ್ತ ಮಳೆಯಲ್ಲೇ ಹೂ ಬಿಟ್ಟು ಜೊಳ್ಳಾಯಿತು. ಒಂಟಿಯಾಗಿ ಬೇಗ ಹಣ್ಣಾದ ಗದ್ದೆಗೆ ಊರಿನ ಹಕ್ಕಿಗಳೆಲ್ಲ ಬಂದವು. ನೀರಿನ ಆಸರೆಯಿದ್ದು ಲೆಕ್ಕ ಹಾಕಿ ನೆಟ್ಟವರಿಗೆ ಅದೇ ಭತ್ತ ಬೇಸಿಗೆಯಲ್ಲಿ ಎರಡನೆಯ ಬೆಳೆಯನ್ನೂ ಕೊಟ್ಟಿತು.

ಹಸಿರೆಲೆ ಗೊಬ್ಬರಕ್ಕೆ ಹಾಕುವ ಅಪ್ಸೆಣಬು ಸಹ ರಾತ್ರಿ ನೋಡುವ ಗಿಡ. ಇದಕ್ಕೂ ಗಾಂಜಾಕ್ಕೂ ಯಾವ ಸಂಬಂಧವೂ ಇಲ್ಲ. ಬೀಜದ ಚೀಲದ ಮೇಲೆ 'ಸನ್ ಹೆಂಪ್' ಎಂಬ ಇಂಗ್ಲಿಷ್ ಹೆಸರು ನೋಡಿ ಗಾಬರಿಯಾಗುವ ಕಾರಣವಿಲ್ಲ. ಮುಂಗಾರಿನ ಮೊದಲಿಗೆ ಬಿತ್ತಿದರೆ ಹೂವಿಗೆ ಮುಂಚೆ ಹೇರಳ ಸೊಪ್ಪು ಕೊಡುತ್ತದೆ. ಅಕ್ಟೋಬರಿನಲ್ಲಿ ಬಿತ್ತಿದರೆ ಗೇಣುದ್ದಕ್ಕೆ ಕೆಲವೇ ಎಲೆ ಬಿಟ್ಟು ಹೂವಿಗೆ ಹೋಗುತ್ತದೆ, ಗೊಬ್ಬರಕ್ಕೆ ಸೊಪ್ಪು ಸಾಲದು. ಇಲ್ಲಿ ನಮಗೆ ಬೇಕಾದದ್ದು ಹೂವಲ್ಲ, ಎಲೆ. ಹಾಗಾಗಿ ಕಾಲ ನೋಡುವ ಗುಣವೇ ನಮಗೆ ಅನುಕೂಲ.

ಯಾವುದು ಮೇಲು?

ಎರಡರಲ್ಲಿ ಒಂದು ಮೇಲು, ಒಂದು ಕೀಳು ಎಂಬುದಿಲ್ಲ. ಕಾಲ ನೋಡುವ ತಳಿಯಲ್ಲಿ ಬಿತ್ತನೆಯ ದಿನ ನಾಲ್ಕು ದಿನ ಹೆಚ್ಚುಕಡಿಮೆಯಾದರೂ ಕೊಯ್ಲು ಸರಿಯಾದ ಹವೆಗೆ ಬೀಳುತ್ತದೆ. ಊರಿಗೆಲ್ಲ ಒಟ್ಟಿಗೆ ಹೂ ಬರುವುದರಿಂದ ಹುಳ, ಹಕ್ಕಿಗಳ ಕಾಟ ಹಂಚಿಹೋಗುತ್ತದೆ. ಬೆಳೆಯಲು ಬೇಕಾದಷ್ಟು ಸಮಯ ಸಿಗುವುದರಿಂದ ಗಿಡ ದೊಡ್ಡದು, ಮೇವು ಸೊಪ್ಪು ಹೆಚ್ಚು. ಚಳಿಗಾಲದ ಅವರೆಯ ಸೊಗಡು ತಿಂದವರಿಗೆ ಗೊತ್ತು. ಆದರೆ ವರ್ಷಕ್ಕೆ ಒಂದೇ ಬೆಳೆ. ಎಲ್ಲರ ಮಾಲೂ ಒಂದೇ ವಾರ ಪೇಟೆಗೆ ಬರುವುದರಿಂದ ದರ ಕುಸಿಯುವುದೂ ಉಂಟು. ಹಂಗಾಮು ತಪ್ಪಿ ಬಿತ್ತಿದರೆ ನನ್ನ ಚಪ್ಪರದ ಗತಿ.

ವಯಸ್ಸು ನೋಡುವ ತಳಿಯಲ್ಲಿ ನೀರಿದ್ದರೆ ವರ್ಷದಲ್ಲಿ ಎರಡು ಮೂರು ಬೆಳೆ ತೆಗೆಯಬಹುದು. ಪೇಟೆಯಲ್ಲಿ ಮಾಲಿಲ್ಲದ ಕಾಲಕ್ಕೆ ಕಾಯಿ ಬರುವಂತೆ ಬಿತ್ತಬಹುದು. ಗಿಡ ಕುಳ್ಳಗಿರುವುದರಿಂದ ಅಡಿಕೆ ಸಸಿಗೆ ನೆರಳಿನ ತೊಂದರೆ ಕಡಿಮೆ. ಆದರೆ ಇದರ ವಯಸ್ಸು ಕಾಯುವುದಿಲ್ಲ. ಮೊದಲ ಮೂರು ನಾಲ್ಕು ವಾರ ನೀರು ತಪ್ಪಿದರೆ, ಕಳೆ ಮುಚ್ಚಿದರೆ, ಗಿಡ ಬೆಳೆಯದಿದ್ದರೂ ದಿನ ತುಂಬಿದಾಗ ಹೂ ಬಿಟ್ಟೇಬಿಡುತ್ತದೆ. ಮತ್ತೆ ಸುಧಾರಿಸಿಕೊಳ್ಳಲು ಅದಕ್ಕೆ ಸಮಯವಿಲ್ಲ. ಕಾಯಿ ಬಲಿಯುವಾಗ ಮಳೆಯೋ ಬಿಸಿಲೋ ಎಂಬುದನ್ನು ಬಿತ್ತುವ ದಿನವೇ ನಾವು ಲೆಕ್ಕ ಹಾಕಿರಬೇಕು.

ಒಂದೇ ಮಾತಿನಲ್ಲಿ ಹೇಳುವುದಾದರೆ, ಕಾಲ ನೋಡುವ ತಳಿಯಲ್ಲಿ ಪಂಚಾಂಗ ನೋಡುವ ಕೆಲಸ ಗಿಡದ್ದು. ವಯಸ್ಸು ನೋಡುವ ತಳಿಯಲ್ಲಿ ಆ ಕೆಲಸ ರೈತನದ್ದು. ಹೊಸ ಬೀಜ ತಂದಾಗ ನಾವು ಬೀಜವನ್ನಷ್ಟೇ ಅಲ್ಲ, ಆ ಜವಾಬ್ದಾರಿಯನ್ನೂ ಮನೆಗೆ ತರುತ್ತೇವೆ.

ಮನೆಯಲ್ಲೇ ಪರೀಕ್ಷೆ

ಕೈಯಲ್ಲಿರುವ ಬೀಜ ಯಾವ ಬಗೆಯದೆಂದು ತಿಳಿಯಲು ಯಾರ ಹತ್ತಿರವೂ ಹೋಗಬೇಕಾಗಿಲ್ಲ. ಹಿತ್ತಲಿನಲ್ಲಿ ದೀಪದ ಬೆಳಕು ಬೀಳದ ಜಾಗ ಆರಿಸಿಕೊಳ್ಳಿ. ಜೂನ್ 1, ಜುಲೈ 1, ಆಗಸ್ಟ್ 1 ಹೀಗೆ ತಿಂಗಳಿಗೊಮ್ಮೆ ಅದೇ ಬೀಜದ ಹತ್ತು ಹತ್ತು ಕಾಳನ್ನು ಬೇರೆ ಬೇರೆ ಸಾಲಿನಲ್ಲಿ ಊರಿ. ಪ್ರತಿ ಸಾಲಿನಲ್ಲಿ ಅರ್ಧಕ್ಕರ್ಧ ಗಿಡಗಳು ಹೂ ಬಿಟ್ಟ ತಾರೀಖನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ.

ಮೂರು ಸಾಲುಗಳೂ ಎರಡು ಮೂರು ವಾರದ ಒಳಗೆ, ಒಂದರ ಬೆನ್ನಿಗೆ ಒಂದು ಹೂ ಬಿಟ್ಟರೆ ಅದು ಕಾಲ ನೋಡುವ ಬೀಜ. ಒಂದೊಂದು ಸಾಲಿನ ನಡುವೆಯೂ ಸುಮಾರು ಒಂದು ತಿಂಗಳ ಅಂತರವೇ ಉಳಿದರೆ ಅದು ವಯಸ್ಸು ನೋಡುವ ಬೀಜ. ಚಳಿ, ಬರಗಾಲಗಳಿಂದ ಕೆಲವು ದಿನ ಹಿಂದೆ ಮುಂದೆ ಆಗುವುದುಂಟು. ಆದರೂ ಒಟ್ಟು ಚಿತ್ರ ಸ್ಪಷ್ಟವಾಗಿಯೇ ಕಾಣುತ್ತದೆ. ಖರ್ಚು ಒಂದು ಹಿಡಿ ಕಾಳು. ಉಳಿಯುವುದು ಒಂದು ವರ್ಷದ ಕೂಲಿ.

ಬೀಜ ಕೊಳ್ಳುವಾಗ ತಳಿಯ ಹೆಸರು, ಯಾವ ಹಂಗಾಮಿಗೆ ಶಿಫಾರಸಾಗಿದೆ, ಹೂ ಬಿಡಲು ಎಷ್ಟು ದಿನ ಎಂಬ ಮೂರನ್ನು ಕೇಳಿ ತಿಳಿಯಿರಿ. ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ. ಬಿಲ್ಲು ಮತ್ತು ಬೀಜದ ಚೀಟಿಯನ್ನು ಬೆಳೆ ಮುಗಿಯುವವರೆಗೆ ಜೋಪಾನವಾಗಿಡಿ. ಬೇಸಿಗೆ ನೀರಿನಲ್ಲಿ ನಡುಬೆಳೆ ಮಾಡುವವರು ವಯಸ್ಸು ನೋಡುವ ತಳಿಯನ್ನೂ, ಮುಂಗಾರಿಗೆ ಬಿತ್ತಿ ಚಳಿಗಾಲದಲ್ಲಿ ಕೊಯ್ಯುವವರು ಕಾಲ ನೋಡುವ ನಾಟಿಯನ್ನೂ ಹಿಡಿದರೆ ಮೋಸವಿಲ್ಲ. ನಾಟಿ ಬೀಜವನ್ನು ಪೂರ್ತಿ ಕಳೆದುಕೊಳ್ಳಬಾರದು. ಒಂದು ಸಲ ಹೋದ ನೆಲದ ಪಂಚಾಂಗ ಅಂಗಡಿಯಲ್ಲಿ ಸಿಗುವುದಿಲ್ಲ.

ನನ್ನ ಬೇಲಿಯ ಆ ಎರಡು ಬಳ್ಳಿಗಳ ಬೀಜವನ್ನು ಇಟ್ಟುಕೊಂಡು ಈಗ ಪ್ರತಿ ವರ್ಷ ಜುಲೈಯಲ್ಲಿ ಊರುತ್ತೇನೆ. ತೋಟದ ನಡುವೆ ಯುಗಾದಿಗೆ ಬಿತ್ತುವುದು ಹೆಬ್ಬಾಳದ ಗಿಡ್ಡ ಅವರೆಯನ್ನು. ಎರಡೂ ತಮ್ಮ ತಮ್ಮ ಕಾಲಕ್ಕೆ ಸಾರಿಗೆ ಬರುತ್ತಿವೆ. ಸದಸ್ಯರು ಮೇಲಿನ ಪರೀಕ್ಷೆ ನಡೆಸಿ, ತಮ್ಮ ಊರು, ಬಿತ್ತಿದ ದಿನ, ಹೂ ಬಿಟ್ಟ ದಿನ ಇವನ್ನು ಒಂದು ಕಾಗದದಲ್ಲಿ ಬರೆದು ಸಂಘದ ಕಚೇರಿಗೆ ಮುಟ್ಟಿಸಿದರೆ, ಎಲ್ಲವನ್ನೂ ಒಟ್ಟುಗೂಡಿಸಿ ನಮ್ಮ ಭಾಗಕ್ಕೆ ಹೊಂದುವ ಬಿತ್ತನೆಯ ಪಟ್ಟಿಯೊಂದನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಬಹುದು.